ಸಕ್ಕರೆ ಕೆಜಿಗೆ ಎಷ್ಟು?

ಜೂನ್ 9, ಬೆಳಿಗ್ಗೆ
ಮತ್ತೆ ಏಳನೇ ಕ್ಲಾಸಿಗೆ ನೇರ ಅನುಪಾತ. ಉದಾಹರಣೆಗೆ ಬೆಲೆ ಬೇಕಿತ್ತು. ಅಮ್ಮನನ್ನೇ ಕೇಳಿದೆ — ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವಳು.
"ಸಕ್ಕರೆ ಕೆಜಿ ನಲವತ್ತು. ಎರಡೂವರೆಗೆ ನೂರು. ಇಷ್ಟೂ ಬರಲ್ವೇನೇ ಟೀಚರಮ್ಮಾ?"
ಈಗ ನಲವತ್ತೈದು. ಜ್ವರ ಬಿಟ್ಟು ಆಸ್ಪತ್ರೆಯಿಂದ ಬಂದು ವಾರವಾಯಿತಷ್ಟೆ, ಮರೆತಿರಬೇಕು. ಬಾಯಿ ಮಾತ್ರ ಮೊದಲಿನಷ್ಟೇ ಜೋರು. ಸಮಾಧಾನವಾಯಿತು.

ಜೂನ್ 16
ಇವತ್ತು "ಮೂವತ್ತನಾಲ್ಕು. ಎರಡೂವರೆಗೆ ಎಂಬತ್ತೈದು." ಲೆಕ್ಕ ಸರಿ, ದರ ತಪ್ಪು. ಹಾಗೇ ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಿನವಳು: "ಮಿಸ್, ಅದ್ಯಾವ ಅಂಗಡಿ? ನಮ್ಮಮ್ಮಂಗೂ ಹೇಳಿ!" ಎಲ್ಲರೂ ನಕ್ಕರು. ನಾನೂ.

ಜೂನ್ 23, ಸಂಜೆ
ಇಪ್ಪತ್ತೆಂಟು.
ಅಂಗಡಿ ಮುಚ್ಚಿದಾಗ ತಂದಿಟ್ಟ ಬಾಗಿಲು ಸ್ಟೋರ್ ರೂಮಿನಲ್ಲಿದೆ. ಅದರ ಹಿಂಬದಿಯ ಮೇಲೆ ಅಮ್ಮ ವರ್ಷ ವರ್ಷ ಬರೆದ ದರಗಳು, ಇಸವಿ ಸಮೇತ. ಹುಡುಕಿದೆ. ನಲವತ್ತು — ನಾಲ್ಕು ವರ್ಷದ ಹಿಂದೆ. ಮೂವತ್ತನಾಲ್ಕು — ಎಂಟು. ಇಪ್ಪತ್ತೆಂಟು — ಹನ್ನೆರಡು.
ವಾರಕ್ಕೆ ನಾಲ್ಕು ವರ್ಷ ಹಿಂದೆ ಹೋಗುತ್ತಿದ್ದಾಳೆ. ಗ್ರಾಫ್ ಹಾಳೆ ತೆಗೆದೆ. ಆಸ್ಪತ್ರೆಯಿಂದ ಬಂದ ದಿನ ಸೊನ್ನೆ. ಚುಕ್ಕೆಗಳೆಲ್ಲ ಒಂದೇ ಗೆರೆಯಲ್ಲಿ. ಸ್ಕೇಲ್ ಇಟ್ಟು ಮುಂದಕ್ಕೆಳೆದೆ... ನನಗೀಗ ಮೂವತ್ತೆಂಟು. ಗೆರೆ ಅಲ್ಲಿಗೆ ಮುಟ್ಟುವುದು ಆಗಸ್ಟ್ 7. ಅದರಾಚೆ ಅಮ್ಮನ ಪಾಲಿಗೆ ನಾನು ಹುಟ್ಟೇ ಇಲ್ಲ.


ಜೂನ್ 24
ಡಾಕ್ಟರು: "ಮರೆವು ಹೀಗೆ ಸ್ಕೇಲ್ ಇಟ್ಟ ಹಾಗೆ ಹೋಗಲ್ಲ ಮೇಡಂ. ಸುಮ್ನೆ ತಲೆ ಕೆಡಿಸ್ಕೋಬೇಡಿ."
ನನ್ನ ಲೆಕ್ಕ ತಪ್ಪಲಿ. ಹೀಗೆ ಬೇಡಿಕೊಂಡದ್ದು ಇದೇ ಮೊದಲು.

ಜುಲೈ 7
ಹದಿನೆಂಟು. ಕಾಫಿ ತಂದುಕೊಟ್ಟ ನನ್ನ ಗಂಡನನ್ನು ನೋಡಿ ಅಮ್ಮ ನನ್ನ ಕಿವಿಯಲ್ಲಿ: "ಯಾರೇ ಅವ್ನು? ಅಪ್ಪಂಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾರೆ!"
ಮದುವೆಯಾಗಿ ಹದಿನಾರು ವರ್ಷ. ಅವರು ನಕ್ಕರು. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಇದ್ದರು.

ಜುಲೈ 21
ಹತ್ತು. "ಬಾರೇ, ಸ್ಕೂಲಿಗೆ ಹೊತ್ತಾಯ್ತು" — ಕೂರಿಸಿ ಎರಡು ಜಡೆ ಹಾಕಿದಳು. ಬಿಚ್ಚಲು ಮನಸ್ಸು ಬರಲಿಲ್ಲ. ಹಾಗೇ ಕ್ಲಾಸಿಗೆ ಹೋದೆ. ಯಾರೂ ನಗಲಿಲ್ಲ.

ಆಗಸ್ಟ್ 4
ಬೆಲೆ ಕೇಳುವುದು ಬಿಟ್ಟಿದ್ದೇನೆ. ಅಮ್ಮ ಮಂಚದ ಕೆಳಗೆ ಬಗ್ಗಿ ಹುಡುಕುತ್ತಿದ್ದಳು.
"ಮಗು ಎಲ್ಲಿ? ಈಗ ಇಲ್ಲೇ ಆಡ್ತಿತ್ತು..."
"ಇಲ್ಲೇ ಇದ್ದೀನಮ್ಮ."
ನನ್ನನ್ನು ದಾಟಿ ಬಾಗಿಲ ಕಡೆ ನೋಡಿದಳು. ಇನ್ನು ಮೂರು ದಿನ.

ಆಗಸ್ಟ್ 8, ಬೆಳಿಗ್ಗೆ 7
ರಜೆ ಹಾಕಿದೆ. ಅಮ್ಮ ಆಗಲೇ ಎದ್ದು, ತಲೆ ಬಾಚಿಕೊಂಡು, ಟೇಬಲ್ ಹಿಂದೆ ನಿಂತಿದ್ದಳು. ಅಂಗಡಿಯಲ್ಲಿ ನಿಲ್ಲುತ್ತಿದ್ದ ಹಾಗೇ. ಒಳಗೆ ಕಾಲಿಡಲು ಭಯ. ನಾನು ಹುಟ್ಟಿದಾಗಿನಿಂದ ನನ್ನನ್ನು "ಬಾರೇ" ಎಂದೇ ಕರೆದವಳು, ನಗುತ್ತಾ —
"ಬನ್ನಿ, ಏನು ಕೊಡ್ಲಿ?"
"ಸಕ್ಕರೆ... ಕೆಜಿ ಎಷ್ಟು?"
"ನಾಲ್ಕು. ಎರಡೂವರೆ ತಗೊಳ್ಳಿ, ಹತ್ತಾಗುತ್ತೆ. ಈ ಕಡೆಗೆ ಹೊಸಬರಾ? ನಿಮ್ಮನ್ನ ನೋಡಿದ ನೆನಪೇ ಇಲ್ಲ."
ಅಮ್ಮನ ಲೆಕ್ಕ ಸರಿ. ನನ್ನದೂ —