ಕಾರ್ಡ್ ಇಲ್ಲದವರ ಫಾರಂ

೪-೨-೨೦೦೬
ಇವತ್ತೂ ಕೊಪ್ಪದ ಆಫೀಸಿನಲ್ಲಿ ಫಾರಂಗಳಿಗೆ ಪಿನ್ ಹೊಡೆದೆ. ಬಸುರಿಯರನ್ನು ಆಸ್ಪತ್ರೆಗೆ ಒಯ್ಯುವ ಹೆರಿಗೆ ಜೀಪಿನಿಂದ ಉಪಯೋಗವಾಯಿತೇ ಎಂದು ಮನೆಮನೆಗೆ ಹೋಗಿ ಕೇಳಬೇಕಂತೆ. ಯಾರನ್ನು, ಏನು ಕೇಳುವುದು — ಶಿವಮೊಗ್ಗದ ದೇವಕಿ ಮೇಡಂ ಯೋಜನೆ ಹಾಕುತ್ತಿದ್ದಾರೆ. ಓದಿದ್ದು ನಾಲ್ಕನೇ ಕ್ಲಾಸಾದರೂ ಅಕ್ಷರ ದುಂಡಗಿದೆ ಎಂದು ನನ್ನನ್ನು ಇಟ್ಟುಕೊಂಡಿದ್ದಾರೆ.

"ಜೀಪಿನ ಕಾರ್ಡ್ ಇರೋ ಅರವತ್ತನಾಲ್ಕು ಜನರನ್ನ ಕೇಳಿದ್ರೆ ಆಯ್ತು. ಯಾರಾದ್ರೂ ಬಿಟ್ಟುಹೋದ್ರಾ?" ಮೇಡಂ ನನ್ನನ್ನು ಕೇಳಿದರು.

ನಾನು ಪಿನ್ ಹೊಡೆಯುತ್ತಲೇ ಇದ್ದೆ.

ಜೀಪ್ ಓಡಿಸುವ ಹೂವಪ್ಪಣ್ಣ ನಕ್ಕ: "ಅವಳನ್ನ ಕೇಳ್ಬೇಡಿ ಮೇಡಂ. ಬಾಯಿಗೂ ಪಿನ್ ಹೊಡ್ಕೊಂಡಿದಾಳೆ."

೯-೨
ಫಾರಂ ಸರಿಯಿದೆಯೇ ನೋಡಲು ಕಿಗ್ಗದ ಕಡೆ ಆರು ಮನೆಗೆ ಹೋದೆವು. ಎಲ್ಲರದೂ ಒಂದೇ ಉತ್ತರ — ಜೀಪು ಬಂತು, ಒಳ್ಳೆಯದಾಯಿತು.

ಮೇಡಂ ಪೆನ್ನು ಕಚ್ಚುತ್ತ ಕೂತರು. "ಎಲ್ಲಾ ಚೆನ್ನಾಗಿದೆ ಅಂದ್ರೆ ನಾವು ಕೇಳೋದ್ರಲ್ಲೇ ಎಂತದೋ ತಪ್ಪಿದೆ."

ನನ್ನ ಒಡಹುಟ್ಟಿದ ನಯನಕ್ಕ ಪಟ್ಟಿಯಲ್ಲಿಲ್ಲ. ಜೀಪಿನ ಕಾರ್ಡ್ ಕೊಡುವುದು ಇಲ್ಲಿ ರೇಷನ್ ಕಾರ್ಡ್ ಇರುವವರಿಗೆ. ಅವಳದು ನರಸಿಂಹರಾಜಪುರದಲ್ಲಿ, ಗಂಡನ ಮನೆಯಲ್ಲಿ. ಚೊಚ್ಚಲ ಹೆರಿಗೆಗೆ ಬಂದದ್ದು ಸಿರಿಮನೆಗೆ, ನಮ್ಮಲ್ಲಿಗೆ...

ಹೇಳಬೇಕಿತ್ತು. ಹೇಳಲಿಲ್ಲ.

೧೭-೨
ಬಾಯಲ್ಲಿ ಹೇಳಲಾಗದ್ದಕ್ಕೆ ಬರೆದುಕೊಟ್ಟೆ. ಹೆರಿಗೆಗೆಂದು ತವರಿಗೆ ಬಂದಿದ್ದ, ಕಾರ್ಡ್ ಇಲ್ಲದ ಏಳು ಜನರ ಹೆಸರು. ಕೊನೆಯದು ನಯನ. ಎದುರಿಗೆ — ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ಮೇಡಂ ಬಹಳ ಹೊತ್ತು ಓದಿದರು. "ಇದು ಹೊಳೀಲೇ ಇಲ್ವಲ್ಲೇ. ಚೊಚ್ಚಲಿಗೆ ನಾನೂ ತವರಿಗೆ ಹೋದವಳೇ."

ಕಾರ್ಡ್ ಇಲ್ಲದವರಿಗೆ ಹೊಸ ಫಾರಂ ಮಾಡಿದರು. ಐದನೇ ಪ್ರಶ್ನೆ: ಜೀಪಿಗೆ ಫೋನ್ ಮಾಡಿದ್ದು ಯಾರು, ಏನು ಉತ್ತರ ಬಂತು?

"ನಿಮ್ಮನೆಯಿಂದ್ಲೇ ಶುರು ಮಾಡ್ತೀಯಾ? ಆಗ್ದಿದ್ರೆ ಬೇಡ."

ಹೂಂ ಅಂದೆ. ಹೂವಪ್ಪಣ್ಣ ಇವತ್ತು ತಮಾಷೆ ಮಾಡಲಿಲ್ಲ.

೧೮-೨
ಅಕ್ಕನ ಹೆರಿಗೆಯ ದಿನ ಅಂಗಡಿಯಿಂದ ಜೀಪಿಗೆ ಫೋನ್ ಮಾಡಿದವಳು ನಾನು. "ಕಾರ್ಡ್ ನಂಬರ್ ಹೇಳಿ" ಅಂದರು ಫೋನ್ ಎತ್ತಿದವರು. ಇಲ್ಲ ಅಂದೆ. "ಹಾಗಾದ್ರೆ ಬರಕ್ಕಾಗಲ್ಲ." ಅಕ್ಕನಿಗೆ ರಕ್ತ ಹೋಗ್ತಿದೆ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಫೋನ್ ಇಟ್ಟುಬಿಟ್ಟೆ.

ಅಮ್ಮನಿಗೆ ಬಂದು ಹೇಳಿದ್ದೇ ಬೇರೆ.

೨೦-೨, ಮಧ್ಯಾಹ್ನ
ಅಮ್ಮ ಅಕ್ಕಿ ಆರಿಸುತ್ತ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟಳು. ಐದನೆಯದನ್ನು ಓದಿದೆ.

"ಅದೆಂತ ಕೇಳ್ತೀಯೆ, ಫೋನ್ ಮಾಡಕ್ಕೆ ಹೋದವಳು ನೀನೇ ಅಲ್ವಾ? ಲೈನ್ ಸಿಗ್ಲಿಲ್ಲ ಅಂತ ಬರ್ಕೋ. ಪಾಪ, ಓಡಿ ಬಂದಿದ್ದೆ, ಕಾಲೆಲ್ಲ ಉಂಬಳ ಕಚ್ಚಿ ರಕ್ತ ಹೀರಿತ್ತು."

ಬರೆಯಲಿಲ್ಲ. ಅಮ್ಮ ಅನ್ನಕ್ಕಿಡಲು ಒಳಗೆ ಹೋಗಿದ್ದಾಳೆ. ಬಂದ ಕೂಡಲೇ ಹೇಳಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಅಮ್ಮಾ, ಅವತ್ತು ಲೈನ್ ಸಿಕ್ಕಿತ್ತು. ನಾನೇ ಫೋನ್ ಇಟ್ಟು —