ಹೊಸ್ತಿಲಿನ ಅರ್ಜಿ

ಸಂಗೊಳ್ಳಿ, ಊರ ಹೊರಗಿನ ಗುಡಿಸಲಿನಿಂದ
ತಾರೀಖು ೯ ಮಾರ್ಚ್ ೧೯೦೩

ಸವದತ್ತಿಯಲ್ಲಿ ವಕೀಲಿ ಮಾಡುವ ತಮ್ಮ ನಿಜಗುಣಪ್ಪನಿಗೆ ಅಣ್ಣ ಬಸವಣ್ಣೆಪ್ಪನ ಆಶೀರ್ವಾದ. ನಾನು ಇದ್ದೇನೆ. ನೀವೆಲ್ಲ ಆರಾಮ ಇದ್ದೀರೆಂದು ತಿಳಿದುಕೊಂಡಿದ್ದೇನೆ.

ಹಾಸಿಗೆ ಸುಡುವ ಹುಕುಮಿನ ಮೇಲೆ ನೀನು ಬರೆದ ಅರ್ಜಿಯ ಕಾಗದ ಬಂದು ಹದಿನೆಂಟು ದಿನವಾಯಿತು. ಒಂದು ಸಹಿ ಮಾಡಲು ಇಷ್ಟು ದಿನ ಬೇಕೇ ಎಂದು ಬೈದಿರಬೇಕು. ಬೈ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನ ಕೈ ನಿನ್ನ ಕೈಯಂತೆ ಓಡುವುದಿಲ್ಲ. ಇದನ್ನು ಬರೆಯಲು ಕುಳಿತು ಮೂರು ಸಲ ಎದ್ದಿದ್ದೇನೆ. ಒಮ್ಮೆ ಎತ್ತಿಗೆ ನೀರು ಕುಡಿಸಿ ಬಂದೆ. ಉಳಿದೆರಡು ಸಲ ಸುಮ್ಮನೆ ಎದ್ದೆ.

ಪ್ಲೇಗು ಇಳಿದಿದೆ. ಇನ್ನು ಹದಿನೈದು ದಿನಕ್ಕೆ ಊರೊಳಗೆ ಹೋಗಬಹುದಂತೆ. ಬಿಸಿಲು ಬೀಳಲೆಂದು ಸರಕಾರದವರು ನಮ್ಮ ಮಾಳಿಗೆಗೆ ತೂತು ಕೊರೆದಿದ್ದಾರೆ. ನನ್ನ ಮನೆಯಲ್ಲಿ ಎಷ್ಟು ಬೆಳಕಿರಬೇಕೆಂದು ಇವರಿಗೆ ಯಾರು ಹೇಳಿದರೋ.

ನಿನ್ನ ಅತ್ತಿಗೆ ರಾಚವ್ವ ಪ್ಲೇಗಿನಲ್ಲಿ ತೀರಿದ ಮೂರನೇ ದಿನ ನೀನು ಬಂದು ಹೇಳಿದ್ದು ನನ್ನ ತಲೆಯಲ್ಲಿ ಕುಳಿತಿದೆ. "ಅಣ್ಣಾ, ಸರಕಾರದ ಕೆಲಸ ಮೂರ ಅದಾವು. ಕಳ್ಳರನ್ನ ಹಿಡೀಬೇಕು, ಹೊರಗಿನ ದಂಡು ಬರದಂಗ ಕಾಯಬೇಕು, ಇಬ್ಬರ ಜಗಳಕ್ಕ ನ್ಯಾಯ ಹೇಳಬೇಕು. ಒಬ್ಬಾಂವ ಇನ್ನೊಬ್ಬಗ ಕೆಡಕ ಮಾಡೂತನಕ ಅವನ ಹೊಸ್ತಿಲ ದಾಟಾಕ ಅದಕ್ಕ ಹಕ್ಕಿಲ್ಲ" ಎಂದೆ. ಓದಿದವನಾದರೂ ನೇಗಿಲು ಹಿಡಿದವನಿಗೆ ತಿಳಿಯುವಂತೆ ಹೇಳಿದೆ. ಆ ಮಾತಿಗೆ ನಲವತ್ತು ಜನರ ಹೆಬ್ಬೆಟ್ಟು ಒತ್ತಿಸಿದವನು ನಾನೇ.

ನಡೆದದ್ದನ್ನು ನಡೆದಂತೆ ಬರೆದು ಕಳಿಸು, ಅರ್ಜಿಗೆ ಬೇಕು ಎಂದು ಕೇಳಿದ್ದೀಯಲ್ಲ, ಬರೆಯುತ್ತೇನೆ. ನೀನು ಹೋದ ಮರುದಿನ ಪ್ಲೇಗಿನ ಸಿಪಾಯಿ ಹಣಮಂತಪ್ಪ ಬಾಗಿಲಿಗೆ ಬಂದ.

"ಯಜಮಾನ್ರ, ಸತ್ತವರ ಹಾಸಿಗಿ ಹೊರಗ ಹಾಕ್ರಿ. ಸುಡೂ ಹುಕುಂ ಐತಿ."

"ಹೋದ ವರ್ಷ ನನ್ನ ಎತ್ತು ಕಳವಾದಾಗ ನಿಮ್ಮ ಸರಕಾರ ಎಲ್ಲಿ ಮಲಗಿತ್ತೋ? ಈಗ ನನ್ನ ಹಾಸಿಗಿ ಎಣಸಾಕ ಬಂತೇನು?"

"ಎತ್ತು ಪೊಲೀಸರ ಖಾತೆರಿ. ನಂದು ಬರೇ ಹಾಸಿಗಿ ಖಾತೆ."

ಹಿಂದೆ ನಿಂತವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಹೊಸ್ತಿಲಿಗೆ ಅಡ್ಡ ನಿಂತು, "ಒಳಗ ಬಂದೀ ಅಂದ್ರ ಕಾಲ ಮುರೀತೇನಿ. ಹಾಸಿಗಿ ನಂದು, ಸತ್ತಾಕಿ ನನ್ನಾಕಿ" ಎಂದೆ. ಅವನು ಅಂಗಳದಲ್ಲೇ ನಿಂತ. ಸಾಗಹಾಕಲೆಂದು ಒಂದು ಹರಕು ಕಂಬಳಿ, ಒಂದು ಚಾಪೆ ಅಂಗಳಕ್ಕೆ ಎಸೆದೆ.

"ಇಷ್ಟ ಏನ್ರಿ?"

"ಇಷ್ಟ."

ಅಷ್ಟನ್ನು ಸುಟ್ಟು ಹೋದ. ಒಳಗೆ ಕಾಲಿಡಲಿಲ್ಲ.

ಅರ್ಜಿ ಚೆನ್ನಾಗಿ ಬರೆದಿದ್ದೀ. ಇವತ್ತು ಹಾಸಿಗೆ ಕೇಳಿದವರು ನಾಳೆ ಒಲೆಯ ಮೇಲೇನಿದೆ ಎಂದು ಕೇಳುತ್ತಾರೆ. ಅದನ್ನು ಈಗಲೂ ಯಾರೆದುರಿಗಾದರೂ ಹೇಳುತ್ತೇನೆ. ಆದರೆ ಆರನೇ ಕಲಮು ತೆಗೆ. "ಎಂ.ಕೆ. ಹುಬ್ಬಳ್ಳಿಯಲ್ಲಿ ಸಕಲ ಹಾಸಿಗೆಗಳನ್ನು ಸುಟ್ಟಾಗ್ಯೂ ಅರ್ಜಿದಾರನ ಬಾಣಂತಿ ಮಗಳು ಅದೇ ಜಡ್ಡಿನಿಂದ ಮೃತಳಾದ ಕಾರಣ, ಸುಡುವುದರಿಂದ ಉಪಯೋಗವಿಲ್ಲವೆಂದು ಸಿದ್ಧವಾಗುತ್ತದೆ" ಎಂದು ಬರೆದಿದ್ದೀಯಲ್ಲ, ಅದು. ನಮ್ಮ ಸಿದ್ದಲಿಂಗವ್ವನನ್ನು ಕಲಮಿನೊಳಗೆ ಹಾಕಬೇಡ. ಯಾಕೆಂದು ಕೇಳಬೇಡ.

ಅವಳ ಕೂಸು ಹುಷಾರಾಗಿದೆ. ಬೀಗತಿ ಬಾಯವ್ವ ಆಡಿನ ಹಾಲು ಹಾಕಿ ಸಾಕುತ್ತಿದ್ದಾಳೆ. ನೋಡಲು ಬರ್ರಿ ಎಂದು ಎರಡು ಸಲ ಹೇಳಿಕಳಿಸಿದಳು. ನಾನು ಹೋಗಿಲ್ಲ.

ನಿನ್ನ ಹೆಂಡತಿ ಮಕ್ಕಳನ್ನು ಆ ಶಿವ ತಂಪಾಗಿ ಇಡಲಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಅದೇ ಗಳಿಗೆ ಹೊರಬೀಳು. ವಾದ ಮಾಡುತ್ತ ಕೂಡಬೇಡ.

ನಿನ್ನ ಅಣ್ಣ
ಬಸವಣ್ಣೆಪ್ಪ

ತಾ.ಕ.: ಕೇಳಬೇಡ ಎಂದರೂ ನೀನು ಕೇಳುವವನೇ. ಸಿಪಾಯಿಗೆ "ಇಷ್ಟ" ಎಂದದ್ದು ಸುಳ್ಳು. ರಾಚವ್ವ ಕೊನೆಗೆ ಹೊದ್ದಿದ್ದ ಕೌದಿಯನ್ನು ಹೊಲದ ಬಣವೆಯಲ್ಲಿ ಬಚ್ಚಿಟ್ಟಿದ್ದೆ. ಮಗಳ ಬಾಣಂತನಕ್ಕೆಂದು ತನ್ನ ಹಳೆಯ ಸೀರೆಗಳಿಂದ ಹೊಲಿದದ್ದು ಅದು. ಕೊನೆಯ ಹೊಲಿಗೆಗೆ ಮುಂಚೆ ನಮ್ಮ ಪದ್ಧತಿಯಂತೆ ಒಳಗೊಂದು ರೊಟ್ಟಿಯ ತುಣುಕು ಇಟ್ಟು, "ಕೌದಿ ಹೊಟ್ಟಿ ತುಂಬಿತು ನೋಡ್ರಿ" ಎಂದು ನಕ್ಕಿದ್ದಳು. ಆಮೇಲೆ ಜ್ವರದ ಚಳಿಗೆ ಅದನ್ನೇ ಹೊದ್ದಳು. ಅವಳ ಕೈಯಿಂದ ಉಂಡದ್ದನ್ನು ಸುಡಲು ಹೇಗೆ ಕೊಡಲಿ? ಸಿಪಾಯಿ ಬಂದುಹೋದ ಐದು ದಿನಕ್ಕೆ ಸಿದ್ದಲಿಂಗವ್ವ ಹಡೆದ ಸುದ್ದಿ ಬಂತು. ಕೌದಿಯನ್ನು ಗಾಡಿಯಲ್ಲಿ ಹಾಕಿಕೊಂಡು ಎಂ.ಕೆ. ಹುಬ್ಬಳ್ಳಿಗೆ ನಾನೇ ಒಯ್ದು ಕೊಟ್ಟೆ. "ಅಪ್ಪಾ, ಅವ್ವನ ವಾಸನಿ ಬರಾಕ ಹತ್ತೇತಿ" ಎಂದು ಮುಖಕ್ಕೆ ಒತ್ತಿಕೊಂಡಳು. ಕೂಸು ಬಾಯವ್ವನ ಮಗ್ಗುಲಲ್ಲಿ ಮಲಗಿತ್ತು, ಉಳಿಯಿತು.

ಇನ್ನೊಬ್ಬಗ ಕೆಡಕ ಮಾಡೂತನಕ ಎಂದು ನೀನು ಹೇಳಿದ್ದೆ. ನಾನು ಹೊಸ್ತಿಲಿನ ಮಾತೊಂದನ್ನೇ ಹಿಡಿದೆ. ನಲವತ್ತು ಹೆಬ್ಬೆಟ್ಟು ಇರಲಿ, ಅರ್ಜಿ ಕಳಿಸು. ನನ್ನ ಸಹಿ ಇಲ್ಲ.

ಹಣಮಂತಪ್ಪ ದಿನಾ ಈ ಗುಡಿಸಲ ಮುಂದೆ ಹಾಯುತ್ತಾನೆ. "ಆರಾಮ ಏನ್ರಿ, ಯಜಮಾನ್ರ?" ಎನ್ನುತ್ತಾನೆ. ಆ ದಿನ ಒಂದೇ ಒಂದು ಸಲ ನನ್ನನ್ನು ದೂಕಿ ಅವನು ಒಳಗೆ ಬರಬಾರದಿತ್ತೇ, ನಿಜಗುಣಾ.