ಮೆಟ್ಟಿಲ ಬುಡದಲ್ಲಿ ನಿಂತ ಸ್ಕೂಟರ್

ತಂಗೀ ಸಾಕಮ್ಮ,

ನಿನ್ನ ಎಡಸೊಂಟ ಈಗಲಾದರೂ ನೋವು ಮರೆತಿದೆಯೇ? ಮಗಳು ಮಂಗಳಳಿಗೆ ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲವೆಂದು, ಅವಳು ಎದೆಮಟ್ಟ ಬೆಳೆದ ಮೇಲೂ ನೀನು ಹೆಮ್ಮರಗಾಲದ ಶಾಲೆಗೆ ಹೊತ್ತುಕೊಂಡೇ ಹೋಗುತ್ತಿದ್ದೆ. ಯಾರಾದರೂ ಅಯ್ಯೋ ಅಂದರೆ, "ನನ್ ಸೊಂಟವೇ ಇವಳ ಗಾಡಿ ಕಣ್ರವ್ವ. ಪೆಟ್ರೋಲ್ ಬ್ಯಾಡ, ಮುದ್ದೆ ಸಾಕು" ಅಂತ ನಗಿಸುತ್ತಿದ್ದೆ.

ನೀನು ಹೋದ ಮರುವರ್ಷ ಸರ್ಕಾರದ ಗಾಡಿ ಬಂತು. ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡಿಕೊಳ್ಳುವ ಸಿದ್ದರಾಜು ಓಡಾಡಿ ಮೂರು ಚಕ್ರದ ಸ್ಕೂಟರ್ ಕೊಡಿಸಿದ. ನರಸೀಪುರದ ಉದ್ಯೋಗ ಮೇಳಕ್ಕೂ ಅವನೇ ಕರೆದೊಯ್ದ. ನಂಜನಗೂಡಿನ ಒಂದು ಗಾರ್ಮೆಂಟ್ಸಿನಲ್ಲಿ, ಹೊಲಿದ ಅಂಗಿಗಳ ತಪ್ಪು ಹುಡುಕುವ ಕೆಲಸ. ಮೇಜು ನೆಲಮಹಡಿಯಲ್ಲೇ ಇತ್ತು. ಮೊದಲ ಸಂಬಳದಲ್ಲಿ ಪಿತೃಪಕ್ಷದ ಎಡೆಗೆ ನಿನಗೊಂದು ಸೀರೆ ಇಟ್ಟಳು. ಅದನ್ನು ನಾನೇ ಉಟ್ಟಿದ್ದೇನೆ, ಬೈಯಬೇಡ.

ಹೋದ ತಿಂಗಳು ಆ ಮೇಜನ್ನು ಮೇಲಿನ ಮಹಡಿಗೆ ಸಾಗಿಸಿದರು. ಲಿಫ್ಟ್ ಇಲ್ಲ. ಜೊತೆಯ ಹೆಂಗಸರು ಪಾಪ, "ಬಾ ತಾಯಿ, ನೀನ್ಯಾವ ಭಾರ" ಅಂತ ಎತ್ತಿಕೊಂಡು ಹೋಗಿ ಕೂರಿಸುತ್ತಿದ್ದರು. ಇಳಿಯಬೇಕಾದರೆ ಅವರಿಗೆ ಬಿಡುವಾಗಬೇಕು. ಕೆಳಗಿನ ಪಾಯಿಖಾನೆಗೆ ಹೋಗಬೇಕಾದೀತೆಂದು ಇವಳು ನೀರು ಕುಡಿಯುವುದನ್ನೇ ಬಿಟ್ಟು, ಜ್ವರ ಹಿಡಿದು ಮಲಗಿದಳು. ಸೂಪರ್‌ವೈಸರ್, "ಮೇಲಕ್ಕೆ ಬರೋಕಾಗ್ದಿದ್ರೆ ಮನೇಲೇ ಇರು" ಅಂದನಂತೆ.

"ಎತ್ಕೊಂಡ್ರೆ ಏನವ್ವ ಅವಮಾನ? ನಿಮ್ಮವ್ವ ಎತ್ಲಿಲ್ವಾ?" ಅಂದೆ ನಾನು.

"ಅವ್ವ ನಾನು ಅಂದ್ ಕಡೆ ಇಳಿಸ್ತಿದ್ಲು ದೊಡ್ಡವ್ವ. ಇವ್ರು ಇಳ್ಸಿದ್ ಕಡೆ ನಾನು ಕೂತಿರ್ಬೇಕು."

ಮಾರನೆಯ ದಿನವೇ ಪಂಚಾಯಿತಿಗೆ ಹೋದೆ ಸಾಕಮ್ಮ.

ಸಿದ್ದರಾಜುವನ್ನು ಕೇಳಿದರೆ ಅವನೂ ತಲೆ ಕೆರೆದುಕೊಂಡ. "ಗಾಡಿ ಕೊಡೋಕೆ ಸ್ಕೀಮ್ ಐತೆ, ಕೆಲ್ಸ ಕೊಡ್ಸೋಕೆ ಮೇಳ ಐತೆ. ಸಿಕ್ಕಿದ್ ಕೆಲ್ಸ ಉಳ್ಸೋಕೆ ಮಾತ್ರ ಅರ್ಜಿ ಇಡ್ಕೊಂಡು ನಾವೇ ಮೈಸೂರಿಗೋಗ್ಬೇಕು ಕಣವ್ವ." ಅರ್ಜಿ ಕೊಟ್ಟು ಇದ್ದ ಕೆಲಸವೂ ಹೋದರೆ? ಕೊಡದೆ ಸುಮ್ಮನಿದ್ದರೆ... ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿಸಲು ನೀನೇ ಹೊರಡುತ್ತಿದ್ದೆ, ಗೊತ್ತು.

ಮಂಗಳ ಅರ್ಜಿ ಕೊಟ್ಟಳು. ಮೇಜು ಕೆಳಗೆ ಬರಲಿ, ಅಷ್ಟೇ ಕೇಳಿದ್ದಾಳೆ. ಸೋಮವಾರ ಮೈಸೂರಿನ ವಿಕಲಚೇತನರ ಇಲಾಖೆಯವರು ಬಂದು ನೋಡುತ್ತಾರಂತೆ. "ನೀನೂ ಬಾ ದೊಡ್ಡವ್ವ. ಯಾರ್ ಎತ್ತೋಕ್ ಬಂದ್ರೂ ಊಂ ಅನ್ಬ್ಯಾಡ" ಎಂದಿದ್ದಾಳೆ.

ಕೆಲಸ ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ಮೆಟ್ಟಿಲ ಬುಡದಲ್ಲಿ, ಅವಳ ಸ್ಕೂಟರ್ ಪಕ್ಕ ನಿಂತಿರುತ್ತೇನೆ. ಅವಳ ಮುಖ ಕಂಡು ನನ್ನ ಕೈ ಅವಳನ್ನೆತ್ತಲು ತಾನಾಗಿಯೇ ಚಾಚಿಕೊಂಡುಬಿಟ್ಟೀತೆಂದೇ ಭಯ. ಅದಕ್ಕೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತೇನೆ, ತಂಗೀ.

ನಿನ್ನ ಅಕ್ಕ